ಸತ್ಯಾಂಶ: ಎಂಟು ವರ್ಷದೊಳಗೆ ಅಬ್ಯಾಕಸ್ ಕಲಿಯದಿದ್ದರೆ ಬಲಮೆದುಳು ಮುಚ್ಚಿಹೋಗುತ್ತದೆಯೇ?

‘ಎಂಟು ವರ್ಷದೊಳಗೆ ಅಬ್ಯಾಕಸ್ ತರಗತಿಗೆ ಸೇರಿಸದಿದ್ದರೆ ಮಗುವಿನ ಬಲಮೆದುಳು ಶಾಶ್ವತವಾಗಿ ಮುಚ್ಚಿಹೋಗುತ್ತದೆ’ ಎಂಬ ಸಂದೇಶವು ಹಾಸನದ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. (ಅಬ್ಯಾಕಸ್ ಎಂದರೆ ಮಣಿಗಳ ಚೌಕಟ್ಟನ್ನು ಬಳಸಿ, ಬಳಿಕ ಅದನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು ಬೇಗ ಲೆಕ್ಕ ಮಾಡುವ ವಿಧಾನ.) ಈ ಸಂದೇಶ ನಿಜವಲ್ಲ. ಮೆದುಳಿನ ಬೆಳವಣಿಗೆ ಇಪ್ಪತ್ತು ದಾಟಿದ ಮೇಲೂ ಮುಂದುವರಿಯುತ್ತದೆ. ಲೆಕ್ಕ ಮಾಡುವಾಗ ಎಡ, ಬಲ ಎರಡೂ ಭಾಗಗಳು ಒಟ್ಟಿಗೆ ಕೆಲಸ ಮಾಡುತ್ತವೆ.

ಹಾಗೆಂದು ಅಬ್ಯಾಕಸ್ ವ್ಯರ್ಥವೆಂದಲ್ಲ. ವಡೋದರದ ಸುಮಾರು 200 ಶಾಲಾಮಕ್ಕಳನ್ನು ಮೂರು ವರ್ಷ ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಬ್ಯಾಕಸ್ ಕಲಿತವರು ಅಂಕಗಣಿತದಲ್ಲಿ ಉಳಿದವರಿಗಿಂತ ಮುಂದಿದ್ದರೂ ಅವರ ಮೂಲಭೂತ ಬೌದ್ಧಿಕ ಸಾಮರ್ಥ್ಯಗಳು ಅದರಿಂದ ಹೆಚ್ಚಾಗಿರಲಿಲ್ಲ. ಆಕಾರ, ಸ್ಥಾನಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಮೊದಲೇ ಚೆನ್ನಾಗಿದ್ದ ಮಕ್ಕಳಿಗೆ ಹೆಚ್ಚು ಲಾಭವಾಯಿತು ಎಂಬ ಅಂಶ ಪೋಷಕರಿಗೆ ಬಹಳ ಮುಖ್ಯವೆಂದು ನನಗೆ ತೋರುತ್ತದೆ, ಏಕೆಂದರೆ ಪಕ್ಕದ ಮನೆಯ ಮಗುವಿಗೆ ಒಗ್ಗಿದ್ದು ನಮ್ಮ ಮಗುವಿಗೂ ಒಗ್ಗಲೇಬೇಕೆಂದಿಲ್ಲ.

ಮೊದಲು ಮಗುವಿನ ಕೊರತೆ ಯಾವುದೆಂದು ತರಗತಿ ಶಿಕ್ಷಕರನ್ನು ಕೇಳಬೇಕು. ಐವತ್ತು ಕಿಲೋ ಆಲೂಗಡ್ಡೆ ಮೂಟೆಯಲ್ಲಿ ಮುಕ್ಕಾಲು ಪಾಲು ಮಾರಿದರೆ ಉಳಿದದ್ದೆಷ್ಟು ಎಂಬ ಪ್ರಶ್ನೆಗೆ ಮಗು ತಡವರಿಸಿದರೆ ಅದಕ್ಕೆ ಬೇಕಿರುವುದು ಭಿನ್ನರಾಶಿಯ ತಿಳಿವಳಿಕೆಯೇ ಹೊರತು ಕೂಡುವ ವೇಗವಲ್ಲ. ಆಲೂರು ಅಥವಾ ದುದ್ದದ ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವ ಮಕ್ಕಳ ದಣಿವನ್ನೂ, ಆಟದ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಡೀ ವರ್ಷದ ಶುಲ್ಕ ಕಟ್ಟುವ ಮುನ್ನ ಕೆಲವು ವಾರ ಕಳುಹಿಸಿ, ಮಗು ತಾನಾಗಿಯೇ ಹೊರಡುತ್ತದೆಯೇ ಎಂದು ಗಮನಿಸಿ. ಎಂಟು ವರ್ಷ ದಾಟಿದೆಯೆಂಬ ಭಯದಿಂದ ಆತುರಪಡುವ ಅಗತ್ಯವಿಲ್ಲ.