ಸತ್ಯಾಂಶ: ಪ್ಯಾರಿಸ್ ಒಪ್ಪಂದದಲ್ಲಿ ದಂಡವಿಲ್ಲ

ಪ್ಯಾರಿಸ್ ಹವಾಮಾನ ಒಪ್ಪಂದದ ಗುರಿ ತಪ್ಪಿದರೆ ಭಾರತ ದಂಡ ಕಟ್ಟಬೇಕು, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಿಗೂ ಬೀಗ ಬೀಳುತ್ತದೆ ಎಂಬ ಸಂದೇಶ ಕಲಬುರಗಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತದೆ. ಆ ಕಾರ್ಖಾನೆಗಳನ್ನೇ ನಂಬಿದ ಮನೆಗಳು ಇಲ್ಲಿ ಬಹಳ. ಗಾಬರಿಯಿಂದ ನಾಲ್ಕು ಜನರಿಗೆ ಕಳಿಸುವುದು ಸಹಜ. ಆದರೆ ಅದು ನಿಜವಲ್ಲ.

ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳು 2015ರಲ್ಲಿ ಮಾಡಿಕೊಂಡ ಈ ಒಪ್ಪಂದದಲ್ಲಿ, ಇಂಗಾಲದಂಥ ಅನಿಲಗಳ ಹೊರಸೂಸುವಿಕೆ ತಗ್ಗಿಸುವ ತನ್ನ ಗುರಿಯನ್ನು ಪ್ರತಿ ದೇಶ ತಾನೇ ನಿಗದಿಪಡಿಸುತ್ತದೆ. ಪಾಲನೆ ನೋಡಿಕೊಳ್ಳುವ ಸಮಿತಿಯೊಂದು ಇದೆ. ಅದು ದಂಡ ವಿಧಿಸುವಂಥದ್ದಲ್ಲ ಎಂದು 15ನೇ ವಿಧಿಯಲ್ಲೇ ಬರೆದಿದೆ.

ದೇಶಗಳನ್ನು ಶಿಕ್ಷಿಸುವ ಸರ್ಕಾರ ಜಗತ್ತಿನಲ್ಲಿ ಇಲ್ಲದಿರುವಾಗ ಅವು ಕೊಟ್ಟ ಮಾತು ಉಳಿಸಿಕೊಳ್ಳುವಂತೆ ಮಾಡುವುದು ಹೇಗೆ? ರಾಜ್ಯಶಾಸ್ತ್ರಜ್ಞರು ದಶಕಗಳಿಂದ ಕೇಳುತ್ತಿರುವ ಪ್ರಶ್ನೆ ಇದು. ಪ್ಯಾರಿಸ್‌ಗೂ ಮುಂಚಿನ ಹವಾಮಾನ ಒಪ್ಪಂದವಾದ 1997ರ ಕ್ಯೋಟೊ ಶ್ರೀಮಂತ ದೇಶಗಳಿಗೆ ಕಡ್ಡಾಯ ಗುರಿ ಹಾಕಿತ್ತು; 2011ರಲ್ಲಿ ಕೆನಡಾ ಅದರಿಂದ ಹೊರಬರುವುದಾಗಿ ಘೋಷಿಸಿತು. ಪ್ಯಾರಿಸ್ ಹಿಡಿದ ದಾರಿ ಬೇರೆ: ಬಹಿರಂಗ ವರದಿ, ಪರಸ್ಪರ ಪರಿಶೀಲನೆ, ಐದು ವರ್ಷಕ್ಕೊಮ್ಮೆ ಹೊಸ ಗುರಿ. ಇದು ಸಡಿಲವಾಯಿತು ಎಂಬ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಅಂದರೆ ನಿಜವಾದ ಚಿಂತೆ ಸಂದೇಶ ಹೇಳುವುದಕ್ಕೆ ತದ್ವಿರುದ್ಧ.

ಗೊಂದಲಕ್ಕೆ ಒಂದು ಕಾರಣವಿರಬಹುದು. ಐರೋಪ್ಯ ಒಕ್ಕೂಟ ತಾನು ಆಮದು ಮಾಡಿಕೊಳ್ಳುವ ಉಕ್ಕು, ಸಿಮೆಂಟ್ ಮುಂತಾದವುಗಳ ಮೇಲೆ, ಅವುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ತಕ್ಕಂತೆ, ಇಂಗಾಲದ ಶುಲ್ಕ ತಂದಿದೆ. ಅದು ಒಕ್ಕೂಟದ್ದೇ ಕಾನೂನು, ಪ್ಯಾರಿಸ್ ಒಪ್ಪಂದದ ಭಾಗವಲ್ಲ.

ಇಂಥ ಸಂದೇಶ ಬಂದಾಗ ದಂಡ ಹಾಕುವವರು ಯಾರು, ಯಾವ ವಿಧಿಯಡಿ ಎಂದು ಕೇಳಿ. ಒಪ್ಪಂದದಲ್ಲಿರುವುದು 29 ವಿಧಿಗಳಷ್ಟೇ. ಪಠ್ಯವೂ ಭಾರತ ಸಲ್ಲಿಸಿದ ಗುರಿಗಳೂ ವಿಶ್ವಸಂಸ್ಥೆಯ ಹವಾಮಾನ ಜಾಲತಾಣದಲ್ಲಿವೆ. ಮೊದಲು 4 ಮತ್ತು 15ನೇ ವಿಧಿಗಳನ್ನು ಓದಿ. ಇಂಗ್ಲಿಷ್ ಕಷ್ಟವಾದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ.