ಏಪ್ರಿಲ್‌ನಲ್ಲಿ ಗಿಡ ತರಬೇಡಿ ಮಾರಾಯ್ರೆ

ಎಲ್ಲರೂ ಹೊರಟರು. ಕೊನೆಯ ಕಾರಿನ ಧೂಳು ಇನ್ನೂ ಕೂತಿಲ್ಲ, ನಾನು ಕೊಡಪಾನ ಹಿಡಿದು ಅಂಗಳದಲ್ಲಿ ನಿಂತಿದ್ದೇನೆ. ಸಿಟ್ಟು ಆರುವ ಮೊದಲೇ ಬರೆದುಬಿಡ್ತೇನೆ. ಆರಿದ ಮೇಲೆ ನಾನು ಬರೆಯುವವಳಲ್ಲ, ನಿಮಗೆ ಗೊತ್ತೇ ಇದೆ.

ಈ ಶನಿವಾರ-ಭಾನುವಾರ ನಮ್ಮ ಮನೆಯಲ್ಲಿ ಮೂರು ಕಾರ್ಯಕ್ರಮ. ಶನಿವಾರ ಬೆಳಿಗ್ಗೆ ಮಾವನ ಸಹಸ್ರಚಂದ್ರ ದರ್ಶನದ ಶಾಂತಿ. ಸಂಜೆ ಭಾವ-ಅಕ್ಕನ ಮದುವೆಯ 25ನೇ ವರ್ಷದ ಕೇಕು. ಭಾನುವಾರ ಮೈದುನನ ಮಗಳ ಮೊದಲ ಹುಟ್ಟುಹಬ್ಬ. ಸಾವಿರ ಹುಣ್ಣಿಮೆ ಕಾಣಬೇಕು ಅಂದರೆ ಲೆಕ್ಕದ ಪ್ರಕಾರ 80 ವರ್ಷ ತುಂಬಿ ಇನ್ನೂ ಹತ್ತು ತಿಂಗಳಾಗಬೇಕು. ನಮ್ಮ ಮಾವನಿಗೆ ಅದು ಬರುವುದು ಮಳೆಗಾಲದಲ್ಲಿ. ಆದರೆ ಮಳೆಗಾಲದಲ್ಲಿ ಬೆಂಗಳೂರಿನ ಮಕ್ಕಳಿಗೆ ರಜೆ ಇಲ್ಲ. 80 ದಾಟಿದೆಯಲ್ಲ, ಅಡ್ಡಿಯಿಲ್ಲ ಅಂತ ಭಟ್ಟರು ಒಪ್ಪಿದರು. ಸರಿ ಅಂತ ಏಪ್ರಿಲ್‌ಗೆ ತಂದರು. ಚಂದ್ರನನ್ನೇ ವೀಕೆಂಡಿಗೆ ಹೊಂದಿಸಿಕೊಂಡವರಿಗೆ ಗಿಡ ಯಾವ ಲೆಕ್ಕ ಹೇಳಿ!

ಕಾರ್ಯಕ್ರಮ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಬಾರದು. ರಿಪ್ಪನ್‌ಪೇಟೆಯಿಂದ ತಂದ ಮಾವಿನ ಮಿಡಿಯಲ್ಲಿ ಅಪ್ಪೆಹುಳಿ ಮಾಡಿದ್ದೆವು, ಲೋಟದಲ್ಲಿ ಕೇಳಿ ಕೇಳಿ ಕುಡಿದರು. ಎಳೆ ಹಲಸಿನಕಾಯಿ ಪಲ್ಯ, ಹೋಳಿಗೆ, ತೊಡೆದೇವು. ಮಾವ ಜರಿ ಪಂಚೆ ಉಟ್ಟು ಮದುಮಗನ ಹಾಗೆ ನಾಚಿಕೊಂಡರು. ಇಲ್ಲಿಯವರೆಗೆ ಯಾವ ತಕರಾರೂ ಇಲ್ಲ.

ತಕರಾರು ಶುರುವಾಗಿದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ನಾದಿನಿ ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಹಾಕಿದ್ದಳು: "ಸ್ಪ್ರಿಂಗ್ ಗಾರ್ಡನಿಂಗ್ ವಿತ್ ಫ್ಯಾಮಿಲಿ, ಎಲ್ಲರೂ ಹಸಿರು ಬಟ್ಟೆ". ಮಾವನ ಹೆಸರಿಗೊಂದು ಗಿಡ, ಭಾವ-ಅಕ್ಕನಿಗೊಂದು, ಮಗುವಿಗೊಂದು. ಉಳಿದವರಿಗೂ ಬೇಜಾರಾಗಬಾರದು ಅಂತ ಇನ್ನಷ್ಟು. ಕಾರಿನ ಡಿಕ್ಕಿ ತೆಗೆದರೆ ರಂಬುಟಾನ್, ಮ್ಯಾಂಗೋಸ್ಟೀನ್ ಅನ್ನುವ ಹೊರದೇಶದ ಹಣ್ಣಿನ ಗಿಡ, ಬಣ್ಣಬಣ್ಣದ ಕಸಿ ಗುಲಾಬಿ. ಮುನ್ನೂರು ಕಿಲೋಮೀಟರ್ ಎಸಿಯಲ್ಲಿ ಮಲಗಿ ಬಂದ ಗಿಡಗಳು. ಇಳಿಸಿದ್ದು ಎಲ್ಲಿಗೆ? ಕಾದ ಕಾವಲಿಯಂಥ ಅಂಗಳಕ್ಕೆ.

ಗುಂಡಿ ತೆಗೆದವರು ಯಾರು ಅಂದುಕೊಂಡಿರಿ? ತೋಟದ ಕೆಲಸಕ್ಕೆ ಬರುವ ಅಣ್ಣ, ಹಿಂದಿನ ದಿನವೇ. ಮಳೆಗಾಲದಲ್ಲಿ ಗುದ್ದಲಿ ಇಟ್ಟರೆ ಇಳಿಯುವ ಮಣ್ಣು ಈಗ ಹಾರೆಗೂ ಬಗ್ಗುವುದಿಲ್ಲ. ಮೊಳ ಇಳಿಯುವುದರೊಳಗೆ ಜಂಬಿಟ್ಟಿಗೆ ಕಲ್ಲಿಗೆ ತಾಗಿ ಠಣ್ ಅಂತು. ಅಷ್ಟರಲ್ಲೇ ನಿಲ್ಲಿಸಿ, ಭಾನುವಾರ ಫೋಟೋಕ್ಕೆ ಎಲ್ಲರೂ ಆ ಹಾರೆ ಮುಟ್ಟಿದರು. ಮಗುವಿನ ಕೈಗೆ ಪುಟ್ಟ ಗುಲಾಬಿ ಬಣ್ಣದ ನೀರು ಹಾಕುವ ಡಬ್ಬಿ ಕೊಟ್ಟರು. ಅದು ಹಾಕಿದ್ದು ಒಂದು ಲೋಟ ನೀರು, ಅದರಲ್ಲಿ ಅರ್ಧ ಅದರ ಫ್ರಾಕಿಗೆ. ಚಪ್ಪಾಳೆ. ವಿಡಿಯೋ. ಆಮೇಲೆ ಎಲ್ಲರೂ ಒಳಗೆ ಫ್ಯಾನಿನ ಅಡಿ.

ಈ ಗಿಡಗಳಿಗೆ ನಾಳೆ ನೀರು ಹಾಕುವವರು ಯಾರು? ನನ್ನ ಪ್ರಶ್ನೆ ಇಷ್ಟೇ. ಜೋರಾಗಿಯೇ ಕೇಳಿದೆ. "ಅತ್ತಿಗೆ, ನೀವಿದ್ದೀರಲ್ಲ!" ಅಂದಳು ನಾದಿನಿ, ಹೊಗಳಿಕೆಯ ಧಾಟಿಯಲ್ಲಿ.

ಇನ್ನೊಬ್ಬರು, ಮೈದುನನ ಕಡೆಯವರು, ಅಂದರು: "ನಿಮಗೇನು ಬಿಡಿ, ಮಲೆನಾಡು. ನೀರಿಗೇನು ಬರ?" ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತೆ. ಹೌದು ಸ್ವಾಮಿ, ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತೆ. ಆದರೆ ಅದರ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಿದ್ದದ್ದು ಇಳಿಜಾರಿನಲ್ಲಿ ಓಡಿ ಹೊಳೆ ಸೇರುತ್ತೆ. ಏಪ್ರಿಲ್‌ಗೆ ಅಂತ ಅಟ್ಟದ ಮೇಲೆ ಎತ್ತಿಡಲು ಅದೇನು ಉಪ್ಪಿನಕಾಯಿಯೇ? ನಮ್ಮ ಹೊಸನಗರ ತಾಲ್ಲೂಕಿನ ಎಷ್ಟೋ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿ ಹೋದವು. ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಅಂಥ ತಾಲ್ಲೂಕಿನಲ್ಲಿ ಬೇಸಿಗೆಗೆ ಬಾವಿ ಬಗ್ಗಿ ನೋಡಿದರೆ ಹಗ್ಗ ಸಾಲದು. ಅಡಿಕೆ ಮರ ಒಂದಕ್ಕೆ ಈ ಬಿಸಿಲಿನಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ 175 ಲೀಟರ್ ನೀರು ಬೇಕು ಅನ್ನುತ್ತಾರೆ ಅಡಿಕೆ ಸಂಶೋಧನೆಯವರು. ನಮಗೆ ಅದರ ಅರ್ಧ ಕೊಡಲೂ ಆಗುತ್ತಿಲ್ಲ. ಎಲೆಚುಕ್ಕೆ ರೋಗ ಬೇರೆ ತೋಟವನ್ನು ಹಿಡಿದು ಅಲ್ಲಾಡಿಸುತ್ತಿದೆ. ತ್ರೀಫೇಸ್ ಕರೆಂಟು ಬಂದಾಗ ಓಡಿ ಹೋಗಿ ಪಂಪು ಹಾಕುವವರ ಮನೆಗೆ ಮ್ಯಾಂಗೋಸ್ಟೀನ್ ತಂದು ಕೊಟ್ಟು ಹೋಗುವುದು!

ನಮ್ಮಲ್ಲಿ ಈ ಹೊತ್ತಿನಲ್ಲಿ ಹಿತ್ತಿಲ ಕೆಲಸ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಬಸಳೆ ಬುಡಕ್ಕೆ ದರಗು, ಅಂದರೆ ಒಣಗಿದ ಎಲೆ, ಹೊದೆಸಬೇಕು. ತೊಂಡೆ ಚಪ್ಪರದ ಗಳ ಬದಲಿಸಬೇಕು. ಬೂದಿಯಲ್ಲಿಟ್ಟ ಸೌತೆಬೀಜ ಇಲಿ ಮುಟ್ಟಿದೆಯಾ ನೋಡಬೇಕು. ಕಳೆದ ವರ್ಷ ಕಿತ್ತಿಟ್ಟ ಡೇರೆ ಹೂವಿನ (ಡೇಲಿಯಾ) ಗೆಡ್ಡೆಗಳನ್ನು ಮರಳಿನಿಂದ ತೆಗೆದು, ಕೊಳೆತದ್ದನ್ನು ಎಸೆದು, ಕಣ್ಣು ಒಡೆಯುತ್ತಿರುವುದನ್ನು ಬೇರೆ ಇಡಬೇಕು. ಇದಕ್ಕೆಲ್ಲ ಯಾರೂ ಹಸಿರು ಬಟ್ಟೆ ಹಾಕಿಕೊಂಡು ಬರುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಗೆಡ್ಡೆ ಆರಿಸುವ ಫೋಟೋ ಚೆನ್ನಾಗಿ ಬರಲ್ಲ, ಅದಕ್ಕೇ ಇರಬೇಕು.

ಸರ್ಕಾರಕ್ಕೂ ಗೊತ್ತಿರುವ ವಿಷಯ ಇದು. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿಯವರು ಗಿಡ ನೆಡುವ ವನಮಹೋತ್ಸವ ಶುರುಮಾಡಿದಾಗ ಇಟ್ಟದ್ದು ಜುಲೈ ಮೊದಲ ವಾರದಲ್ಲಿ. ಆಗ ಮಳೆ ಇರುತ್ತೆ, ಗಿಡ ತಾನೇ ಬೇರು ಬಿಡುತ್ತೆ. ಸರ್ಕಾರಿ ಕಾರ್ಯಕ್ರಮಕ್ಕಿರುವಷ್ಟು ಬುದ್ಧಿಯೂ ನಮ್ಮ ಮನೆಯ ಇಂಜಿನಿಯರುಗಳಿಗೆ ಇಲ್ಲವಾ? ಮಾವ ಜಗುಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಅವರಿಗೆ ಗಿಡ ನೆಡುವುದು ಅಂದರೆ ರೋಹಿಣಿ ಮಳೆ ಕಳೆದು ಮೃಗಶಿರ ಮಳೆ ಹಿಡಿಯಬೇಕು, ಅಂದರೆ ಜೂನ್ ಎರಡನೇ ವಾರ. ಏನಾದರೂ ಹೇಳುತ್ತಾರೆ ಅಂತ ನಾನು ಅವರ ಮುಖ ನೋಡಿದೆ. "ನೆಡಲಿ ಬಿಡು ಮಾರಾಯ್ತಿ, ಮಕ್ಕಳು ಬಂದದ್ದೇ ಹೆಚ್ಚು" ಅಂದುಬಿಟ್ಟರು.

ನೀವೂ ಅದನ್ನೇ ಹೇಳುತ್ತೀರಿ, ಗೊತ್ತು. ಅಷ್ಟಾದರೂ ಮಾಡ್ತಾರಲ್ಲ, ಮಕ್ಕಳು ಮಣ್ಣು ಮುಟ್ಟಿದರಲ್ಲ, ಬಲೂನು ಕಟ್ಟಿ ಹೋಗುವುದಕ್ಕಿಂತ ವಾಸಿ ಅಲ್ವಾ? ಅಲ್ಲ. ಬಲೂನು ಒಡೆದರೆ ಗುಡಿಸಿ ಎಸೆಯಬಹುದು. ಅದು ಒಡೆದದ್ದಕ್ಕೆ ಯಾರೂ ನನ್ನನ್ನು ಕೇಳುವುದಿಲ್ಲ. ಈ ಗಿಡ ಸತ್ತರೆ ನಾಳೆ "ಮಗುವಿನ ಗಿಡ ಸಾಯಿಸಿದಿರಾ?" ಅನ್ನುತ್ತಾರೆ. ಮಾವನ ಹೆಸರಿನ ಗಿಡ ಬಾಡಿದರೆ ಅಪಶಕುನ ಅನ್ನುವವರು ಬೇರೆ ಇದ್ದಾರೆ. ಸಂತೋಷ ಅವರದ್ದು, ಹೊಣೆ ನನ್ನದು. ಮಣ್ಣು ಮುಟ್ಟಿದರು ಅನ್ನುವುದೂ ಅಷ್ಟರಲ್ಲೇ ಇದೆ. ಸ್ಯಾನಿಟೈಸರ್ ಬಾಟಲಿ ಇನ್ನೂ ಕಟ್ಟೆಯ ಮೇಲೇ ಇದೆ.

ಒಂದು ಮಾತು ಹೇಳಿಬಿಡ್ತೇನೆ. ನನಗೆ ಹೊಟ್ಟೆಕಿಚ್ಚೂ ಇದೆ. ಬಚ್ಚಲ ಹಿಂದೆ ನಾನು ಬೀಜ ಹಾಕಿ, ಪಾತ್ರೆ ತೊಳೆದ ನೀರು ಹೊತ್ತು ಹಾಕಿ ಬೆಳೆಸಿದ ಬೆಣ್ಣೆಹಣ್ಣಿನ ಮರ ಇದೆ. ಈ ವರ್ಷ ಮೊದಲ ಸಲ ಕಾಯಿ ಕಚ್ಚಿದೆ. ಬಂದ ಅಷ್ಟು ಜನರಲ್ಲಿ ಒಬ್ಬರೂ ಅದನ್ನು ತಲೆ ಎತ್ತಿ ನೋಡಲಿಲ್ಲ. ಮಾವ ಮಾತ್ರ ಆ ಎರಡು ಎಲೆಯ ರಂಬುಟಾನನ್ನು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು, "ನನ್ನ ಮಗಳು ತಂದದ್ದು" ಅಂತ. ಸೊಸೆ ಬೆಳೆಸಿದ ಮರಕ್ಕೆ ಬೋರ್ಡಿಲ್ಲ ನೋಡಿ, ಅದಕ್ಕೆ ಕಾಣಲಿಲ್ಲ.

ಬೋರ್ಡು ಅಂದೆ ಅಲ್ವಾ, ರಂಬುಟಾನಿಗೆ ಬೋರ್ಡೂ ಇದೆ. ಮಾವನ ಹೆಸರು, ತಾರೀಕು, ಒಂದು ಹುಣ್ಣಿಮೆ ಚಂದ್ರನ ಚಿತ್ರ. ಈಗ ಕೊಡಪಾನದಲ್ಲಿ ನೀರು ಸುರಿದರೆ ನೀರು ಒಳಗೆ ಇಳಿಯುತ್ತಲೇ ಇಲ್ಲ, ಬುಡದಲ್ಲಿ ನಿಂತು ಪಕ್ಕಕ್ಕೆ ಹರಿಯಿತು. ಬೆರಳಿನಲ್ಲಿ ಮಣ್ಣು ಕೆದರಿದೆ. ಕಪ್ಪು ಪ್ಲಾಸ್ಟಿಕ್ಕಿನ ಅಂಚು ಸಿಕ್ಕಿತು. ನರ್ಸರಿಯ ಪ್ಯಾಕೆಟ್ಟು ಸಮೇತ ನೆಟ್ಟು ಹೋಗಿದ್ದಾರೆ! ಎಳೆದು ತೆಗೆದು ಬ್ಲೇಡಿನಲ್ಲಿ ಸೀಳಿದೆ. ಒಳಗೆ ಬೇರು ಜಾಗ ಇಲ್ಲದೆ ಸುತ್ತಿ ಸುತ್ತಿ ಗಂಟಾಗಿದೆ. ಎಲೆಯ ತುದಿ ಆಗಲೇ ಕಂದು. ಪಕ್ಕದ್ದನ್ನು ಕೆದರಿದೆ, ಅದೂ ಹಾಗೇ. ಮಗುವಿನ ಗಿಡದ ಪ್ಯಾಕೆಟ್ಟಿನಲ್ಲಿ ಬೆಲೆಯ ಚೀಟಿಯೂ ಇತ್ತು. ಎಷ್ಟು ಅಂತ ಬರೆಯಲ್ಲ, ಆ ದುಡ್ಡಿಗೆ ನಮ್ಮ ಪಂಪಿನ ಫುಟ್‌ವಾಲ್ವ್ ಬರ್ತಿತ್ತು.

ಹಾಗಾಗಿ ಈಗ ಎಲ್ಲವನ್ನೂ ಕಿತ್ತು ಹಳೆಯ ಎಣ್ಣೆ ಡಬ್ಬಗಳಿಗೆ ಹಾಕಿದ್ದೇನೆ. ಬಚ್ಚಲ ನೀರು ಹೋಗುವ ಕಡೆ, ಹಲಸಿನ ಮರದ ನೆರಳಲ್ಲಿ ಸಾಲಾಗಿ ಇಟ್ಟಿದ್ದೇನೆ. ಬೋರ್ಡು ಮಾತ್ರ ಅಂಗಳದಲ್ಲೇ ಇದೆ, ಖಾಲಿ ಗುಂಡಿಯ ಮುಂದೆ. ಬದುಕಿದಷ್ಟು ಬದುಕಲಿ, ಮಳೆ ಹಿಡಿದ ಮೇಲೆ ನೆಟ್ಟರಾಯಿತು.

ನಾನು ಇಷ್ಟು ಬರೆಯುವಷ್ಟರಲ್ಲಿ ಗುಂಪಿನಲ್ಲಿ ಮೆಸೇಜು ಬಂತು, ಇನ್ನೂ ಶಿವಮೊಗ್ಗ ದಾಟಿಲ್ಲ ಅವರು: "ಅತ್ತಿಗೆ, ಸಂಜೆ ಬೆಳಕಲ್ಲಿ ಗಿಡಗಳ ಒಂದು ಫೋಟೋ ಹಾಕಿ ಪ್ಲೀಸ್". ಹಾಕಲ್ಲ. ನೋಡಬೇಕು ಅನ್ನಿಸಿದರೆ ಜೂನ್ ಕೊನೆಯ ಶನಿವಾರ ಬನ್ನಿ, ಭಾನುವಾರವೂ ಇರಿ. ಹಾರೆ ಕೊಟ್ಟಿಗೆ ಮೂಲೆಯಲ್ಲಿದೆ, ಮಳೆಗೆ ಹೊದೆಯಲು ಕಂಬಳಿ ಕೊಪ್ಪೆ ನಾವೇ ಕೊಡ್ತೇವೆ, ಬಿಸಿಬಿಸಿ ಕಷಾಯವೂ ಉಂಟು. ಹಸಿರು ಬಟ್ಟೆ ಬೇಡ, ಉದ್ದ ಕಾಲುಚೀಲ ತನ್ನಿ. ಆಗ ರಕ್ತ ಹೀರುವ ಉಂಬಳ ಜಾಸ್ತಿ.