ಮೀಸೆ ಬಂದ ಮಕ್ಕಳು

ನಾನು ಜೀವನದಲ್ಲಿ ಮೊದಲು ಪಾಠ ಮಾಡಿದ ಮಗುವಿಗೆ ಇಪ್ಪತ್ತಾರು ವರ್ಷ. ದಪ್ಪ ಮೀಸೆ. ಆ ವಾರ ಹುಡುಗಿ ನೋಡಲು ಹೋಗಿಬಂದಿದ್ದ.

ಬಿ.ಎಡ್. ಮಾಡಿದವರಿಗೆ ಇದು ಗೊತ್ತಿರುವ ಸಂಗತಿ. ಇದಕ್ಕೆ ಸೂಕ್ಷ್ಮ ಬೋಧನೆ ಅಂತ ಹೆಸರು. ಜೊತೆಯವರೇ ಎಂಟನೇ ಕ್ಲಾಸಿನ ಮಕ್ಕಳಾಗಿ ಬೆಂಚಿನಲ್ಲಿ ಕೂರುತ್ತಾರೆ. ನಾವು ಮೇಷ್ಟ್ರಾಗಿ ನಿಲ್ಲುತ್ತೇವೆ. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಒಟ್ಟು 36 ನಿಮಿಷ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಪದ್ಧತಿ ಇದು. ಅಲ್ಲಿ ನಿಜವಾದ ವಿದ್ಯಾರ್ಥಿಗಳನ್ನು ಕೂರಿಸುತ್ತಿದ್ದರು. ನಾವು ಅದೊಂದನ್ನು ಕೈಬಿಟ್ಟು ಉಳಿದದ್ದನ್ನೆಲ್ಲ ಭಕ್ತಿಯಿಂದ ಇಟ್ಟುಕೊಂಡಿದ್ದೇವೆ.

ಪಾಠ ಶುರುವಾಗುವುದು ಪೀಠಿಕೆ ಪ್ರಶ್ನೆಗಳಿಂದ. ಮೂರ್ನಾಲ್ಕು ಸುಲಭದ ಪ್ರಶ್ನೆ ಕೇಳಬೇಕು, ಕೊನೆಯದು ಸಮಸ್ಯಾತ್ಮಕ ಪ್ರಶ್ನೆ ಆಗಿರಬೇಕು. ಅಂದರೆ ಮಕ್ಕಳಿಗೆ ಅದರ ಉತ್ತರ ಬರಬಾರದು. ಬರದೇ ಇದ್ದಾಗ ನಾವು ಮುಗುಳ್ನಕ್ಕು, "ಹಾಗಾದರೆ ಇಂದು ಅದನ್ನೇ ಕಲಿಯೋಣ" ಎಂದು ಬೋರ್ಡಿನ ಕಡೆ ತಿರುಗಬೇಕು. ನನ್ನ ಮೀಸೆ ಮಗು ಹಿಂದಿನ ರಾತ್ರಿ ನಿದ್ದೆಗೆಟ್ಟಿತ್ತೋ ಏನೋ, ಮೈಮರೆತು ಸರಿಯಾದ ಉತ್ತರ ಹೇಳಿಬಿಟ್ಟಿತು. ನನಗೆ ಎರಡು ಮಾರ್ಕ್ಸ್ ಖೋತಾ. ಮಗು ಕಲಿತರೆ ಮೇಷ್ಟ್ರಿಗೆ ನಷ್ಟ ಅನ್ನುವ ಪಾಠ ನಾನು ಕಲಿತದ್ದು ಅಲ್ಲೇ.

2015ರಲ್ಲಿ ಬಿ.ಎಡ್. ಒಂದು ವರ್ಷದಿಂದ ಎರಡು ವರ್ಷ ಆಯಿತು. ಸಿಲಬಸ್ಸಿಗೆ ಓದಿನ ಬಗ್ಗೆಯೇ ಒಂದು ವಿಷಯ ಸೇರಿತು. ಅದು ಯಾರ ಓದು ಅಂದುಕೊಂಡಿರಿ? ಮಕ್ಕಳದಲ್ಲ, ನಮ್ಮದು. ಪಠ್ಯಗಳನ್ನು ಓದಿ ನಾವು ಚಿಂತನೆ ನಡೆಸಬೇಕು. ನಡೆಸಿದೆವು. ಸ್ಕೆಚ್ ಪೆನ್ನಿನಲ್ಲಿ ಅಂಚು ಹಾಕಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಸಲ್ಲಿಸಿದೆವು. ಓದಿನ ಅರ್ಥ, ಮಹತ್ವ, ಉದ್ದೇಶ, ಮೌನ ಓದಿಗೂ ಗಟ್ಟಿ ಓದಿಗೂ ಇರುವ ವ್ಯತ್ಯಾಸ, ಎಲ್ಲ ಬರೆದೆವು. ಓದಲು ಬಾರದ ಮಗು ಎದುರು ಕೂತರೆ ಮೊದಲು ಏನು ಮಾಡಬೇಕು ಅನ್ನುವುದು ಮಾತ್ರ ಸಿಲಬಸ್ಸಿನಲ್ಲಿ ಇರಲಿಲ್ಲ. ತಪ್ಪು ಯಾರದೂ ಅಲ್ಲ ಬಿಡಿ. ಬಿ.ಎಡ್. ದೊಡ್ಡ ಮಕ್ಕಳಿಗೆ. ಚಿಕ್ಕವರಿಗೆ ಡಿ.ಎಡ್. ಅಂತ ಬೇರೆಯೇ ಇದೆ.

ಇದು ಇಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. 2018ರ ಜೂನ್‌ನಲ್ಲಿ ದೆಹಲಿಯಲ್ಲಿ ಕೂತ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಒಂದು ಅಧಿಸೂಚನೆ ಹೊರಡಿಸಿತು. ಬಿ.ಎಡ್. ಆದವರೂ ಒಂದರಿಂದ ಐದನೇ ತರಗತಿಗೆ ಪಾಠ ಮಾಡಬಹುದು. ನೇಮಕವಾದ ಎರಡು ವರ್ಷದೊಳಗೆ ಆರು ತಿಂಗಳ ಒಂದು ಸೇತುವೆ ಕೋರ್ಸ್ ಮುಗಿಸಿದರೆ ಸಾಕು. ಮೊದಲು ಬಸ್ ಓಡಿಸಿ, ಆಮೇಲೆ ಲೈಸೆನ್ಸ್ ನೋಡೋಣ ಅಂದ ಹಾಗಾಯಿತು. ನಮ್ಮ ಶಾಲೆಗಳಲ್ಲಿ ಪ್ರತಿ ಜೂನ್‌ನಲ್ಲಿ ಮಕ್ಕಳಿಗೆ ಸೇತುಬಂಧ ನಡೆಯುತ್ತದೆ, ಹಿಂದಿನ ವರ್ಷ ಕಲಿಯದೆ ಬಿಟ್ಟದ್ದನ್ನು ತುಂಬಲು. ಈಗ ಮೇಷ್ಟ್ರಿಗೂ ಸೇತುಬಂಧ! ಎರಡು ದಡದಲ್ಲೂ ಕಾಮಗಾರಿ ಪ್ರಗತಿಯಲ್ಲಿದೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಅಧಿಸೂಚನೆಯನ್ನು ರದ್ದು ಮಾಡಿತು. ಚಿಕ್ಕ ಮಕ್ಕಳಿಗೆ ಕಲಿಸುವುದೇ ಬೇರೆ ವಿದ್ಯೆ ಅಂತ ಹೇಳಲು ಕೊನೆಗೆ ದೇಶದ ಅತಿ ದೊಡ್ಡ ಕೋರ್ಟೇ ಬೇಕಾಯಿತು.

ನಮ್ಮ ಊರಿನ ಕಥೆ ಕೇಳಿ. ನಾನು ಆರರಿಂದ ಎಂಟಕ್ಕೆ ಮೇಷ್ಟ್ರು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ನಲಿಕಲಿ ನೋಡಿಕೊಳ್ಳುವುದು ಅಕ್ಕೋರು. ಹಳೇ ಟಿಸಿಎಚ್, ಅಂದರೆ ಆಗಿನ ಕಾಲದ ಡಿ.ಎಡ್., ಮಾಡಿದವರು, ಇನ್ನೇನು ನಿವೃತ್ತಿ. ಒಂದು ದಿನ ಆದೇಶ ಬಂತು. ಮಕ್ಕಳಿಗೆ ಓದು ಕಲಿಸುವುದು ಹೇಗೆ ಎಂಬ ತರಬೇತಿಗೆ ಅಕ್ಕೋರು ಐದು ದಿನ ತಾಲ್ಲೂಕಿಗೆ ಹೋಗಬೇಕು. ಹೋದರು. ಅವರ ಕ್ಲಾಸಿಗೆ ನನ್ನನ್ನು ಹಾಕಿದರು. ಓದು ಕಲಿಸಲು ಬರುವವರು ಓದು ಕಲಿಸುವುದನ್ನು ಕಲಿಯಲು ಹೋದರು, ಬಾರದವನು ಕಲಿಸಲು ನಿಂತ.

ನನಗೇನು ಭಯವಿರಲಿಲ್ಲ. ಓದು-ಬರಹದ ಬುನಾದಿ ಹಾಕಲು ಮೇಷ್ಟ್ರುಗಳಿಗೆ ಸರ್ಕಾರ ಕೊಟ್ಟ ನಿಷ್ಠಾ ಆನ್‌ಲೈನ್ ಕೋರ್ಸಿನ ಹನ್ನೆರಡೂ ಮಾಡ್ಯೂಲ್ ಮುಗಿಸಿದವನು ನಾನು. ಬಿಸಿಯೂಟದ ಮೊಟ್ಟೆ ಎಣಿಸುತ್ತಾ, ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಆನಿಸಿ ವಿಡಿಯೊ ಓಡಿಸಿದ್ದೆ. ಬುನಾದಿ ಸಾಕ್ಷರತೆಯ ಬಗ್ಗೆ ನನಗಿಂತ ಆ ಡಬ್ಬಕ್ಕೇ ಜಾಸ್ತಿ ಗೊತ್ತು. ಸರ್ಟಿಫಿಕೇಟ್ ಮಾತ್ರ ನನ್ನ ಹೆಸರಿಗೆ ಬಂದಿದೆ.

ಮೂರನೇ ಕ್ಲಾಸಿನ ಒಬ್ಬ ಹುಡುಗನನ್ನು ಕರೆದೆ. ವರ್ಣಮಾಲೆ ಹೇಳು ಅಂದೆ. ಉಸಿರು ತೆಗೆದುಕೊಳ್ಳದೆ ಅ ದಿಂದ ಳ ವರೆಗೆ ಹಾಡಿದ. ಕಾರ್ಡ್ ತೋರಿಸಿದೆ. "ಗರಗಸ" ಅಂದ. "ಸರ" ಅಂದ. "ಅಗಸ" ಅಂದ. ನನ್ನ ಎದೆ ಉಬ್ಬಿತು. ಮಾರನೇ ದಿನ ಅದೇ ಗರಗಸವನ್ನು ಬೋರ್ಡಿನ ಮೇಲೆ ಬರೆದು ಕೇಳಿದೆ. ಹುಡುಗ ಬೋರ್ಡ್ ನೋಡಿದ, ನನ್ನನ್ನು ನೋಡಿದ, ಆಮೇಲೆ ಬೋರ್ಡಿನ ಅಂಚಿನಲ್ಲೆಲ್ಲ ಏನನ್ನೋ ಹುಡುಕಿದ. "ಸರ್, ಚಿತ್ರ ಎಲ್ಲೈತ್ರಿ?"

ಎರಡು ವರ್ಷದ ಬಿ.ಎಡ್., ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ಹನ್ನೆರಡು ಮಾಡ್ಯೂಲ್. ಎಲ್ಲವನ್ನೂ ನೆನಪಿಸಿಕೊಂಡೆ. ಪುನರ್ಬಲನ ಕೌಶಲ, ಅಂದರೆ ಮಗುವನ್ನು ಹೊಗಳಿ ಹುರಿದುಂಬಿಸುವುದು, ನೆನಪಾಯಿತು. "ಭೇಷ್, ಕೂತ್ಕೋ" ಅಂದೆ.

ಇವನೊಬ್ಬನೇ ಅಲ್ಲ. ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ಹಳ್ಳಿಗಾಡಿನ ಭಾರತದಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿ ಮಕ್ಕಳು ಶೇ 27.1. ಎಲ್ಲ ಮಕ್ಕಳಿಗೂ 2025ರೊಳಗೆ ಓದು ಬರಬೇಕು ಅಂತ 2020ರ ಶಿಕ್ಷಣ ನೀತಿ ಹೇಳಿತ್ತು. ಇದಾಗದಿದ್ದರೆ ನೀತಿಯ ಉಳಿದ ಭಾಗಕ್ಕೆ ಅರ್ಥವೇ ಇಲ್ಲ ಅನ್ನುವ ಮಾತನ್ನೂ ಸೇರಿಸಿತ್ತು. ಮರುವರ್ಷ ಮಕ್ಕಳಿಗೆ ಓದು, ಲೆಕ್ಕ ಕಲಿಸಲೆಂದೇ ನಿಪುಣ್ ಭಾರತ್ ಎಂಬ ಕೇಂದ್ರದ ಯೋಜನೆ ಬಂದು ಗಡುವನ್ನು 2026-27 ಮಾಡಿತು. ಸುಮ್ನೆ ಹೇಳಬಾರದು, ಗಡುವು ಮಾತ್ರ ಸಲೀಸಾಗಿ ಮುಂದಿನ ಕ್ಲಾಸಿಗೆ ಪಾಸಾಯಿತು.

ಶನಿವಾರ ಅಕ್ಕೋರು ವಾಪಸ್ ಬಂದರು. ಹುಡುಗನ ಕಥೆ ಹೇಳಿದೆ. ಅವರು ಕಾರ್ಡ್ ತೆಗೆದುಕೊಂಡು ಚಿತ್ರದ ಮೇಲೆ ಹೆಬ್ಬೆರಳು ಇಟ್ಟರು. "ಹಿಂಗ ಮುಚ್ಚಿ ಕೇಳ್ರಿ ಸರ್. ಮೊದಲ ರ ಗ ಸ ದ ಅ, ಐದ ಅಕ್ಷರ ಸಾಕು. ಅದಲುಬದಲು ಮಾಡಿ ಜೋಡಿಸಾಕ ಕೊಡ್ರಿ. ಅವನ ಓದ್ತಾನ."

"ಇದನ್ನ ನೀವೇ ಬಿ.ಎಡ್. ಕಾಲೇಜಿಗೆ ಹೋಗಿ ಕಲಿಸಬಾರದಾ ಅಕ್ಕೋರೆ?" ಅಂದೆ.

ನಕ್ಕರು. ಅಲ್ಲಿ ಕಲಿಸಲು ಸ್ನಾತಕೋತ್ತರ ಪದವಿ ಬೇಕು, ಎಂ.ಎಡ್. ಬೇಕು, 55 ಪರ್ಸೆಂಟ್ ಬೇಕು. ಒಂದನೇ ಕ್ಲಾಸಿಗೆ ಒಂದು ದಿನವಾದರೂ ಪಾಠ ಮಾಡಿರಬೇಕು ಅನ್ನುವ ಷರತ್ತಿಲ್ಲ.

"ಹೋಗ್ಲಿ, ತರಬೇತಿ ಹೆಂಗಿತ್ತು?"

"ನಾಕ ದಿನ ಪಿಪಿಟಿ ತೋರಿಸಿದ್ರು ಸರ್. ಬುಧವಾರ ಕರೆಂಟ್ ಇರಲಿಲ್ಲ. ಅವತ್ತು ನಾವ ನಾವ ಮಾತಾಡಿಕೊಂಡ್ವಿ. ಅದೊಂದ ದಿನ ಚಲೋ ಆತು ನೋಡ್ರಿ."